ಬಾರಿಸಿ ನೋಡೂದು

ನಡಿಯೂದು ನನ್ನ ನೌಕರಿ.
ಗಿಣಿಗೇರಿ ಸ್ಟೇಷನ್ ಬಿಟ್ಟು ಕೊಪ್ಪಳದ ಕಡಿಗೆ ಆರು ಕಿಲೋಮೀಟರ,
ಹೆಗಲ ಮ್ಯಾಲ ಸುತ್ತಿಗಿ, ಪಾನಾ,
ಬಗಲಾಗ ಎರಡು ಬಾವುಟ.
ಕಿಲೋಮೀಟರಿಗೆ ಸಾವಿರದ ಆರುನೂರಾ ಅರವತ್ತು ಸ್ಲೀಪರ.
ಹನ್ನೊಂದು ವರ್ಷದಾಗ
ಆಕಾಶ ನೋಡಿದ್ದು ಕಡಿಮಿ.

ಹುಬ್ಬಳ್ಳಿಯಿಂದ ಕಾಗದ ಬಂತು:
ಹಿಮಾಲಯ ಚಾರಣ, ಎಂಟು ದಿನ, ಆಸಕ್ತರು ಹೆಸರು ಕೊಡಬೇಕು.
ಗ್ಯಾಂಗಿನ ಮೌಲಾಸಾಬ ಚ್ಯಾಷ್ಟಿಗೆ ಬರದ:
ಹುಲಿಗೆಮ್ಮ, ಕೀಮ್ಯಾನ್.
ಚ್ಯಾಷ್ಟಿ ಸಾಹೇಬರ ಸಹಿ ಆಗಿ ವಾಪಸ್ ಬಂತು.
ತಂಗಿ ನಾಲ್ಕು ಜೋಡಿ ಉಣ್ಣಿ ಕಾಲುಚೀಲ ತಂದ್ಲು,
ನಾ ಎರಡು ಕಿಲೋ ಶೇಂಗಾ ಹಿಂಡಿ ಕುಟ್ಟಿದೆ.

ಮುನ್ಸಿಯಾರಿ ಅನ್ನೂ ಊರಿಂದ ಹತ್ತಾಕ ಶುರು.
ಒಂಬತ್ತು ಮಂದಿ, ಏಳು ಹೇಸರಗತ್ತಿ,
ಮುಂದ ದಾರಿ ತೋರಸಾಂವ, ಕುಂದನ್ ಮರ್ತೋಲಿಯಾ.
ಅವನ ಹಿಂದಿ ಬ್ಯಾರೆ, ನನ್ನ ಹಿಂದಿ ಬ್ಯಾರೆ,
ನಡುವ ಚಹಾ ಇತ್ತು.
ಹಿಂಡಿ ನಾಲಿಗಿಗೆ ಹಚ್ಚಿಕೊಂಡು ಕಣ್ಣೀರು ಒರಸಿದ,
ಮತ್ತ ಕೈ ಒಡ್ಡಿದ.

ಎರಡನೇ ದಿನ ಕೇಳಿದ:
'ಎಲ್ಲಾರೂ ಶಿಖರ ನೋಡ್ಕೊಂತ ಎಡವ್ತಾರ,
ನೀ ಯಾಕ ನೆಲಾನ ನೋಡ್ತಿ, ಏನು ಕಳಕೊಂಡಿ?'
'ಕೀಲಿ' ಅಂದೆ.
ಹಳಿ ಕೀಲಿ ಅವಗ ಹೆಂಗ ಗೊತ್ತಾಗಬೇಕು.
ಬೀಗದ್ದ ಇರಬೇಕಂತ
ಸಂಜೀತನಕ ನನ್ನ ಕೂಡ ಹುಡುಕಿದ.

ಮೂರನೇ ದಿನ ತಲಿ ಸಿಡಿತು.
ಸ್ಲೀಪರ ಇಲ್ಲದ ಕಡಿ ಎಣಸಾಕ ಏನೈತಿ?
ಉಸಿರು ಎಣಿಸಿದೆ, ಹೇಸರಗತ್ತಿ ಗಂಟಿ ಎಣಿಸಿದೆ.
ರಾತ್ರಿ ಟೆಂಟಿನ ಹೊರಗ
ನದಿ ಗೂಡ್ಸ್ ಗಾಡಿ ಹಂಗ ಹೊಂಟಿತ್ತು.
ಕಡೀ ಡಬ್ಬಿ ಬರಲೇ ಇಲ್ಲ.

ಐದನೇ ದಿನ, ಹಳ್ಳದ ಮ್ಯಾಲ ಬರ್ಫಿನ ಸೇತುವಿ.
ಬೆಳ್ಳಗ, ಅಗಲಾಗಿ,
ಬೀಗರಿಗೆ ಹಾಸಿದ ಗಾದಿ ಹಂಗ.
ಕುಂದನ್ ದಾಟಿದ. ಇನ್ನಿಬ್ಬರು ದಾಟಿದ್ರು.
ನಾ ಕೋಲಲೆ ಬಡದೆ.

ಸಂತ್ಯಾಗ ಗಡಿಗಿ ಕೊಳ್ಳೂವಾಗ
ಅವ್ವ ಬೆರಳು ಮಡಚಿ ಬಾರಸ್ತಿದ್ಲು.
ಸೀಳು ಮೊದಲು ಕಾಣೂದು ಕಿವಿಗೆ,
ಆಮ್ಯಾಲ ಕಣ್ಣಿಗೆ.
ಬೋಲ್ಟು ಸಡ್ಲಾದ ಫಿಶ್‌ಪ್ಲೇಟೂ ಹಂಗ ಮಾತಾಡ್ತೈತಿ.
ಇಲ್ಲೂ ಅದ ಸಪ್ಪಳ,
ಹೊಟ್ಟಿ ಖಾಲಿ ಇದ್ದಾರ ನಕ್ಕಂಗ.

ಕೊಳ್ಳಾಗಿನ ಕೆಂಪು ಟಾವೆಲ್ಲು
ನಾ ಬಿಚ್ಚಿದ್ನೋ, ಕೈ ತಾನ ಬಿಚ್ಚಿತೋ,
ಮ್ಯಾಲೆತ್ತಿ ಹಿಡದಿದ್ದೆ.
ಹಿಂದಿನ ಆರೂ ಮಂದಿ ಗಾಡಿ ನಿಂತಂಗ ನಿಂತ್ರು.
ಆಚಿ ದಂಡ್ಯಾಗ ಕುಂದನ್ ಮೊಣಕಾಲೂರಿ,
ಕೊಡ್ಲಿ ಬಡದು, ಕಿವಿ ಹಚ್ಚಿದ.
ಏನೂ ಅನ್ನಲಿಲ್ಲ.
ಕೈಲೆ ಕೆಳಗ ತೋರಿಸಿದ.
ಎರಡು ತಾಸು ಸುತ್ತು ಹಾಕಿ
ಕಲ್ಲು ಹಿಡಕೊಂಡು ನೀರಾಗ ದಾಟಿದ್ವಿ.

ಸೇತುವಿ ಬಿತ್ತೇನು ಅಂತ ಎಲ್ಲಾರೂ ಕೇಳ್ತಾರ.
ಇಲ್ಲ. ನಾವು ತಿರುವಿ ಮರಿ ಆಗೂತನ ಬೀಳಲಿಲ್ಲ.
ಲೆಕ್ಕಪತ್ರದ ಸಾಹೇಬರು
ಬೂಟಿನ ನೀರು ಬಸಕೊಂತ ದಾರಿ ತುಂಬ ಗೊಣಗಿದ್ರು.
ಆ ರಾತ್ರಿ ಮೊದಲನೇ ಕಪ್ಪು ಚಹಾ
ಅವರನ್ನ ದಾಟಿ ನನಗ ಬಂತು.

ಈಗ ಏಪ್ರಿಲ್, ನಲವತ್ತೊಂದು ಡಿಗ್ರಿ.
ಹಳಿ ಹಿಗ್ಗತಾವ,
ಜಲ್ಲಿ ಮ್ಯಾಲ ಅದಿರಿನ ಕೆಂಪು ಧೂಳು,
ದೂರದ ಗುಡ್ಡದಾಗ ಬಂಡಿ ಮ್ಯಾಲ ಬಂಡಿ
ಒಂದಕ್ಕೊಂದು ಆತು ನಿಂತಾವ,
ಅವನ್ನ ಯಾರು ಬಾರಿಸಿ ನೋಡ್ಯಾರ?

ಕುಂದನ್ ಫೋನ್ ಮಾಡಿದ್ದ, ಕೆಲಸದ ಹೊತ್ತಿನಾಗ.
ಸೀಸನ್ ಶುರು ಆಗೂದೈತಿ, ಹೊಸ ಹುಡುಗರು ಬಂದಾರಂತ.
'ಟೊಳ್ಳಿಂದು ಕೇಳೀನಿ ದೀದಿ,
ಗಟ್ಟಿದ್ದು ಹೆಂಗ ಕೇಳ್ತೈತಿ? ಇವರಿಗೆ ಹೇಳಬೇಕು.'

ಬಾಯಿಲೆ ಹೇಳೂದಲ್ಲ ಅದು.
ಹಿಂದ ಮುಂದ ನೋಡಿ,
ಫೋನ್ ಹಳಿ ಹತ್ತಿರ ಹಿಡದು
ಸುತ್ತಿಗಿಲೆ ಒಂದ ಏಟು.
ಸಪ್ಪಳ ಕೊಪ್ಪಳದ ಕಡಿಗೆ ಓಡಿತು.

ಆ ಕಡಿ ಗಾಳಿ. ಹೇಸರಗತ್ತಿ ಗಂಟಿ.
ಯಾವನೋ ಹುಡುಗ ಕೆಮ್ಮಿದ.
'ಇನ್ನೊಮ್ಮೆ' ಅಂದ ಕುಂದನ್.

ಹನ್ನೊಂದು ನಲವತ್ತರ ಗೂಡ್ಸ್ ಬರೂದಿತ್ತು.
ಇನ್ನೊಮ್ಮೆ ಬಡದೆ,
ಹಳಿ ಇಳಿದು ನಿಂತೆ,
ಹಸಿರು ಬಾವುಟ ಬಿಚ್ಚಿ.